ಕರೆಂಟು ಹೋದರೂ ನಿಲ್ಲದ ಪಾಠ: ಹಳ್ಳಿ ಕಾಲೇಜಿನಲ್ಲಿ ಫೆಟ್ ಸಿಮ್ಯುಲೇಶನ್ ಬಳಸಿದ ಅನುಭವ

ಎರಡು ಸೆಮಿಸ್ಟರ್‌ಗಳಿಂದ ನನ್ನ ಭೌತಶಾಸ್ತ್ರ ತರಗತಿಯಲ್ಲಿ ಫೆಟ್ ಸಿಮ್ಯುಲೇಶನ್‌ಗಳನ್ನು, ಅಂದರೆ ಕಂಪ್ಯೂಟರ್ ಅಥವಾ ಫೋನಿನ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳನ್ನು, ಬಳಸುತ್ತಿದ್ದೇನೆ. ಹೇಗಿದೆ, ನಮ್ಮಂಥ ಕಾಲೇಜಿಗೆ ಆಗುತ್ತದಾ ಎಂದು ಬೇರೆ ಕಾಲೇಜಿನ ಮೇಷ್ಟ್ರುಗಳು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು 17 ವರ್ಷದಿಂದ ಪಾಠ ಮಾಡುತ್ತಿರುವವಳು. ನಮ್ಮ ಕಾಲೇಜು ಊರಿನಿಂದ ಆಚೆ, ಹೊಲಗಳ ಮಧ್ಯೆ ಇದೆ. ನೆಟ್ ಬೇಕೆಂದರೆ ಮಹಡಿಯ ಮೆಟ್ಟಿಲ ಮೇಲೆ ಹೋಗಿ ನಿಲ್ಲಬೇಕು. ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಾಗದು. ಇಂಥ ಜಾಗದಲ್ಲಿ ಬಳಸಿ ನೋಡಿದ ಮೇಲೆ ಬಂದ ಅಭಿಪ್ರಾಯ ಇದು. ದೊಡ್ಡ ಕಾಲೇಜಿನವರಿಗೆ ಇದರಲ್ಲಿ ಕೆಲವು ಮಾತು ಬೇಕಾಗದೆಯೂ ಇರಬಹುದು.

ಫೆಟ್‌ಗಿಂತ ಮೊದಲು ನಮ್ಮಲ್ಲಿಗೆ ಇನ್ನೊಂದು ಬಂದಿತ್ತು. ಗೋಡೆಗೆ ಹಾಕುವ ದೊಡ್ಡ ಟಚ್ ಬೋರ್ಡ್. ಯಾವ ಕಂಪನಿ ಎಂಬುದು ಬೇಡ. ಅವರು ಬಂದು ಬೋರ್ಡ್ ಹಾಕಿದರು, ಅರ್ಧ ದಿನ ತರಬೇತಿ ಕೊಟ್ಟರು. ತರಬೇತಿ ಎಂದರೆ ಅವರು ಮಾಡಿದ್ದನ್ನು ನಾವು ಕುಳಿತು ನೋಡಿದ್ದು. ಎಲ್ಲರೂ ಒಮ್ಮೊಮ್ಮೆ ಎದ್ದು ಹೋಗಿ ಬೋರ್ಡ್ ಮುಟ್ಟಿ ಬಂದೆವು, ಅಷ್ಟೇ. ಅದರೊಳಗಿನ ಪಾಠಗಳೆಲ್ಲ ನೆಟ್‌ನಿಂದಲೇ ಬರಬೇಕು. ಲಾಗಿನ್ ಒಂದು ವರ್ಷಕ್ಕೆ ಮಾತ್ರ. ಅದು ಮುಗಿದ ಮೇಲೆ ಫೋನ್ ಮಾಡಿದರೆ ಆ ಕಡೆಯಿಂದ ಉತ್ತರವಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಪಾಠದ ಮಧ್ಯೆ ಬೋರ್ಡ್ ಮುಂದೆ ನಿಂತು, ಸುತ್ತುತ್ತಲೇ ಇದ್ದ ಆ ಗುಂಡಗಿನ ಗುರುತನ್ನು ಹತ್ತು ನಿಮಿಷ ನೋಡುತ್ತಾ ಕಾದರು. ಎದುರಿಗೆ 60 ಮಕ್ಕಳು. ಆಮೇಲೆ ಅವರು ಆ ಕೋಣೆಯ ಕಡೆ ಹೋಗಲಿಲ್ಲ. ಬೋರ್ಡಿಗೆ ಬಟ್ಟೆ ಹೊದಿಸಿದೆವು.

ಆಗ ಕೇಳಿಬಂದ ಮಾತು ನನಗೆ ಇನ್ನೂ ಚುಚ್ಚುತ್ತದೆ: "ಹಳ್ಳಿ ಕಾಲೇಜಿನ ಮೇಷ್ಟ್ರುಗಳು ಹೊಸದಕ್ಕೆ ಒಗ್ಗಲ್ಲ." ಅದು ಸುಳ್ಳು. ನಮ್ಮ ಕೈ ಪಳಗಲು ಯಾರೂ ಸಮಯ ಕೊಟ್ಟಿರಲಿಲ್ಲ. ನಮ್ಮ ಕಟ್ಟಡದಲ್ಲಿ ಅದು ನಡೆಯುತ್ತದಾ ಎಂದು ಯಾರೂ ಮೊದಲು ಕೇಳಿರಲಿಲ್ಲ. ಫ್ರೆಡ್ ಡೇವಿಸ್ ಎಂಬ ಸಂಶೋಧಕರು 1989ರಲ್ಲೇ ಬರೆದಿದ್ದಾರೆ. ಜನ ಹೊಸ ತಂತ್ರಜ್ಞಾನವನ್ನು ಒಪ್ಪುವುದು ಮುಖ್ಯವಾಗಿ ಎರಡು ವಿಷಯ ನೋಡಿ. ಇದರಿಂದ ನನ್ನ ಕೆಲಸಕ್ಕೆ ಉಪಯೋಗವಿದೆ ಅನ್ನಿಸಬೇಕು, ಬಳಸುವುದು ಸುಲಭ ಅನ್ನಿಸಬೇಕು. ಆ ಬೋರ್ಡ್ ನಮಗೆ ಎರಡನ್ನೂ ಅನ್ನಿಸಲಿಲ್ಲ. ಫೆಟ್ ಎರಡನ್ನೂ ಅನ್ನಿಸಿತು. ಅದು ಹೇಗೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಫೆಟ್ ಎಂದರೆ ವಿಜ್ಞಾನ, ಗಣಿತದ ಸಿಮ್ಯುಲೇಶನ್‌ಗಳ ಸಂಗ್ರಹ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್‌ನಲ್ಲಿ 2002ರಲ್ಲಿ ಕಾರ್ಲ್ ವೀಮನ್ ಇದನ್ನು ಶುರು ಮಾಡಿದರು. ಅದರ ಹಿಂದಿನ ವರ್ಷವಷ್ಟೇ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ಮೊದಲು ಭೌತಶಾಸ್ತ್ರ ಮಾತ್ರ ಇತ್ತು. ಈಗ ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಭೂಮಿಗೆ ಸಂಬಂಧಿಸಿದ ವಿಷಯಗಳೂ ಇವೆ. ಎಲ್ಲವೂ ಉಚಿತ. ಸಿಮ್ (ಸಿಮ್ಯುಲೇಶನ್‌ಗೆ ನಾವು ಹೇಳುವ ಚಿಕ್ಕ ಹೆಸರು) ಇಳಿಸಿಕೊಳ್ಳಲು ಲಾಗಿನ್ ಬೇಡ. ಇದರಲ್ಲಿ ಯಾರೂ ನಿಂತು ಪಾಠ ಹೇಳುವುದಿಲ್ಲ. ವೈರು, ಬಲ್ಬು, ಬ್ಯಾಟರಿ, ಲೋಲಕ, ಸ್ಪ್ರಿಂಗು ಎಲ್ಲ ಪರದೆಯ ಮೇಲೆ ಇರುತ್ತವೆ. ಎಳೆಯುವುದು, ಜೋಡಿಸುವುದು, ಬದಲಾಯಿಸಿ ನೋಡುವುದು ನಮ್ಮ ಕೆಲಸ.

ನಮ್ಮಂಥ ಕಾಲೇಜಿಗೆ ಇದರ ದೊಡ್ಡ ಗುಣ ಯಾವುದು ಗೊತ್ತಾ? ಹೊಸ ಸಿಮ್‌ಗಳೆಲ್ಲ ಎಚ್‌ಟಿಎಂಎಲ್5ನಲ್ಲಿವೆ, ಅಂದರೆ ಬ್ರೌಸರ್‌ನಲ್ಲೇ ನೇರ ತೆರೆಯುವ ರೂಪದಲ್ಲಿವೆ. ಒಂದು ಸಿಮ್ ಎಂದರೆ ಒಂದೇ ಫೈಲ್, ಕೆಲವೇ ಎಂಬಿ. ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ. ಬ್ರೌಸರ್ ಇದ್ದರೆ ಸಾಕು. ಪೆನ್ ಡ್ರೈವ್‌ಗೆ ಹಾಕಬಹುದು, ಫೋನಿನಿಂದ ಫೋನಿಗೆ ಬ್ಲೂಟೂತ್‌ನಲ್ಲಿ ಕಳಿಸಬಹುದು. ನಾನು ಒಂದು ಭಾನುವಾರ ಪೇಟೆಯಲ್ಲಿ ನೆಂಟರ ಮನೆಗೆ ಹೋದಾಗ ಕುಳಿತು 22 ಸಿಮ್ ಇಳಿಸಿಕೊಂಡು ಬಂದೆ. ಆ ಪೆನ್ ಡ್ರೈವ್‌ನಲ್ಲೇ ಇಡೀ ವರ್ಷ ಕಳೆಯಿತು.

ಕನ್ನಡದಲ್ಲೂ ಹಲವು ಸಿಮ್ ಸಿಗುತ್ತವೆ. ಎಲ್ಲವೂ ಇಲ್ಲ. ಅನುವಾದ ಮಾಡುವವರು ಆಯಾ ಭಾಷೆಯ ಸ್ವಯಂಸೇವಕರು. ಕನ್ನಡದ ಫೈಲನ್ನೂ ಇಂಗ್ಲಿಷ್ ಫೈಲನ್ನೂ ಬೇರೆ ಬೇರೆಯಾಗಿ ಇಳಿಸಿಕೊಳ್ಳಬೇಕು. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಮೊದಲ ವಾರ ಕನ್ನಡದ್ದು, ಮಕ್ಕಳ ಭಯ ಹೋಗಲಿ ಎಂದು. ಆಮೇಲೆ ಇಂಗ್ಲಿಷಿನದು, ಪರೀಕ್ಷೆಯ ಪದಗಳು ಕಿವಿಗೆ ಬೀಳಲಿ ಎಂದು.

ಈಗ ತರಗತಿಯ ಮಾತಿಗೆ ಬರುತ್ತೇನೆ. ಇದನ್ನು ಹೇಳಬೇಕೆಂದೇ ಬರೆಯಲು ಕುಳಿತದ್ದು.

ಎರಡು ಒಂದೇ ಥರದ ಬಲ್ಬುಗಳನ್ನು ಸಾಲಾಗಿ, ಅಂದರೆ ಸೀರೀಸ್‌ನಲ್ಲಿ ಜೋಡಿಸಿದರೆ ಯಾವುದು ಜಾಸ್ತಿ ಬೆಳಗುತ್ತದೆ? ಇದು ನಾನು ಪ್ರತಿ ವರ್ಷ ಕೇಳುವ ಪ್ರಶ್ನೆ. ಪ್ರತಿ ವರ್ಷವೂ ಅರ್ಧಕ್ಕಿಂತ ಜಾಸ್ತಿ ಕೈಗಳು "ಬ್ಯಾಟರಿಗೆ ಹತ್ತಿರ ಇರುವ ಮೊದಲನೇ ಬಲ್ಬು" ಎಂಬ ಉತ್ತರಕ್ಕೆ ಏಳುತ್ತವೆ. ಮೊದಲನೆಯದು ಕರೆಂಟನ್ನು ಸ್ವಲ್ಪ ತಿಂದುಬಿಡುತ್ತದೆ, ಮಿಕ್ಕಿದ್ದು ಎರಡನೆಯದಕ್ಕೆ ಎಂಬುದು ಅವರ ಲೆಕ್ಕ. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಸೀರೀಸ್‌ನಲ್ಲಿ ಕರೆಂಟು ಎಲ್ಲ ಕಡೆ ಒಂದೇ ಎಂದು. ಅವರು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲೂ ಸರಿಯಾಗಿ ಬರೆಯುತ್ತಿದ್ದರು. ಆದರೆ ಮುಂದಿನ ವರ್ಷ ಅದೇ ಮಕ್ಕಳನ್ನು ಕೇಳಿದರೆ ಮತ್ತೆ ಮೊದಲನೇ ಬಲ್ಬೇ. ನಂಬಿಕೆ ಒಳಗೆ ಹಾಗೇ ಕುಳಿತಿರುತ್ತಿತ್ತು.

'ಸರ್ಕ್ಯೂಟ್ ಕನ್‌ಸ್ಟ್ರಕ್ಷನ್ ಕಿಟ್: ಡಿಸಿ' ಎಂಬ ಸಿಮ್‌ನಲ್ಲಿ ವೈರಿನೊಳಗೆ ಎಲೆಕ್ಟ್ರಾನ್‌ಗಳು ನೀಲಿ ಚುಕ್ಕೆಗಳಾಗಿ ಕಾಣುತ್ತವೆ. ನಾನು ಮೊದಲು ಉತ್ತರ ಬರೆಸಿದೆ. ಆಮೇಲೆ ಪಕ್ಕದವರ ಜೊತೆ ವಾದ ಮಾಡಲು ಬಿಟ್ಟೆ. ಸ್ವಿಚ್ ಹಾಕಿದ್ದು ಅದಾದ ಮೇಲೆ. ಬಲ್ಬುಗಳು ಎರಡೂ ಒಂದೇ ಸಮ ಬೆಳಗಿದವು. ತರಗತಿ ಸುಮ್ಮನಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಎಂದೂ ಬಾಯಿ ಬಿಡದವಳು, ಎದ್ದು ನಿಂತು, "ಮೇಡಂ, ಚುಕ್ಕೆಗಳು ಎರಡು ಕಡೆನೂ ಒಂದೇ ಥರ ಓಡ್ತಿವೆ. ಒಂದೂ ಕಮ್ಮಿ ಆಗಲಿಲ್ಲ. ಹಾಗಾದ್ರೆ ಖರ್ಚಾಗೋದು ಏನು?" ಎಂದು ಕೇಳಿದಳು.

ಖರ್ಚಾಗೋದು ಏನು ಎಂಬ ಪ್ರಶ್ನೆಯನ್ನು 17 ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಿರಲಿಲ್ಲ. ಕರೆಂಟು ಮತ್ತು ಶಕ್ತಿ ಬೇರೆ ಬೇರೆ ಎಂಬ ಪಾಠವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ಅವತ್ತು ಉಳಿದ ಪಿರಿಯಡ್ ಪೂರ್ತಿ ಅದರ ಮೇಲೇ ಹೋಯಿತು. ಸಿಮ್‌ನ ವೋಲ್ಟ್‌ಮೀಟರ್ ಎಳೆದು ಒಂದೊಂದು ಬಲ್ಬಿನ ಎರಡು ತುದಿಗೆ ಮುಟ್ಟಿಸಿದರು. ಬ್ಯಾಟರಿಯ ವೋಲ್ಟೇಜ್ ಎರಡು ಬಲ್ಬುಗಳಿಗೆ ಅರ್ಧರ್ಧ ಹಂಚಿಹೋಗಿದ್ದನ್ನು ತಾವೇ ಕಂಡರು.

ಮರುದಿನ ಅದನ್ನೇ ಲ್ಯಾಬಿನಲ್ಲಿ ನಿಜವಾದ ಬಲ್ಬಿನಲ್ಲಿ ಮಾಡಿಸಿದೆ. ಒಂದು ಗುಂಪಿನಲ್ಲಿ ಮೊದಲನೇ ಬಲ್ಬು ಸ್ವಲ್ಪ ಜಾಸ್ತಿ ಬೆಳಗಿತು! ಒಬ್ಬ ಹುಡುಗ ಗೆದ್ದವನ ಹಾಗೆ, "ನೋಡಿ ಮೇಡಂ, ನಾನು ಹೇಳಿರಲಿಲ್ವಾ" ಎಂದ. ನಾನು ಏನೂ ಹೇಳಲಿಲ್ಲ. ಬಲ್ಬುಗಳ ಜಾಗ ಬದಲಾಯಿಸು ಎಂದೆ. ಬದಲಾಯಿಸಿದ. ಈಗ ಎರಡನೇ ಜಾಗದಲ್ಲಿದ್ದದ್ದು ಜಾಸ್ತಿ ಬೆಳಗಿತು, ಅದೇ ಬಲ್ಬು. ಅಂಗಡಿಯಿಂದ ತಂದ ಎರಡು ಬಲ್ಬುಗಳು ನೋಡಲು ಒಂದೇ ಥರ ಇದ್ದರೂ ಒಳಗಿನ ತಂತಿ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ ಎಂದು ಅವನೇ ಹೇಳಿದ. ಆ ಮುಖ ನೋಡಬೇಕಿತ್ತು.

ಹಾಗಾಗಿ ಸಿಮ್ ಬಂದರೆ ಲ್ಯಾಬ್ ಬೇಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಿಮ್‌ನಲ್ಲಿ ಸಡಿಲ ಕನೆಕ್ಷನ್ ಇಲ್ಲ, ತುಕ್ಕು ಹಿಡಿದ ಕ್ಲಿಪ್ ಇಲ್ಲ, ಅಳತೆಯ ಮುಳ್ಳನ್ನು ಓರೆಯಾಗಿ ನೋಡಿ ತಪ್ಪು ಓದುವುದಿಲ್ಲ. ಅವನ್ನೆಲ್ಲ ಕೈಯಲ್ಲೇ ಕಲಿಯಬೇಕು. ಆದರೆ ಲ್ಯಾಬಿಗೆ ಹೋಗುವ ಮುಂಚೆ ಸಿಮ್ ನೋಡಿದ್ದವರಿಗೆ ತಾವು ಏನನ್ನು ಹುಡುಕುತ್ತಿದ್ದೇವೆ ಎಂಬುದು ಗೊತ್ತಿರುತ್ತದೆ. 2005ರಲ್ಲಿ ನೋವಾ ಫಿಂಕಲ್‌ಸ್ಟೈನ್ ಮತ್ತು ಅವರ ಜೊತೆಗಾರರು ಕೊಲೊರಾಡೊದಲ್ಲಿ ಇದೇ ಸರ್ಕ್ಯೂಟ್ ಸಿಮ್‌ನ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಲ್ಯಾಬಿನಲ್ಲಿ ಸಿಮ್ ಬಳಸಿದವರು, ನಿಜವಾದ ಸಾಮಾನು ಬಳಸಿದವರಿಗಿಂತ ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಮುಂದಿದ್ದರು. ನಿಜವಾದ ಸರ್ಕ್ಯೂಟ್ ಜೋಡಿಸಿ ಅದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸುವುದರಲ್ಲೂ ಅವರೇ ಮುಂದಿದ್ದರು. ಮೊದಲ ಸಲ ಓದಿದಾಗ ನನಗೆ ನಂಬಿಕೆ ಬಂದಿರಲಿಲ್ಲ. ಈಗ ಅದು ಯಾಕೆ ಹಾಗಾಗುತ್ತದೆ ಎಂದು ಅರ್ಥವಾಗುತ್ತಿದೆ. ಕೈಗೆ ವೈರು ಸಿಕ್ಕಿದ ತಕ್ಷಣ ಮಕ್ಕಳ ಗಮನವೆಲ್ಲ ಅದನ್ನು ಸಿಕ್ಕಿಸುವುದರ ಮೇಲೇ ಹೋಗುತ್ತದೆ, ಅಲ್ವಾ? ಯೋಚನೆಗೆ ಬಿಡುವು ಸಿಗುವುದಿಲ್ಲ.

ಫೋನಿನ ವಿಷಯ ಬೇರೆಯಾಗಿ ಹೇಳಬೇಕು. ಎಲ್ಲರ ಹತ್ತಿರ ಫೋನ್ ಇಲ್ಲ. ಕೆಲವರ ಮನೆಯಲ್ಲಿ ಒಂದೇ ಫೋನ್, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ಮೊದಲ ವಾರ ಮೂವರಿಗೊಂದು ಫೋನ್ ಎಂದು ಗುಂಪು ಮಾಡಿದೆ. ನೋಡಿದರೆ ಫೋನ್ ಯಾರದೋ ಅವರೇ ಎಲ್ಲ ಮಾಡುತ್ತಿದ್ದಾರೆ, ಉಳಿದಿಬ್ಬರು ಕತ್ತು ಚಾಚಿ ನೋಡುತ್ತಿದ್ದಾರೆ. ಫೋನ್ ಇಲ್ಲದವರು ಇಲ್ಲೂ ಹಿಂದೆಯೇ ಉಳಿದರು. ಅದು ನನ್ನ ಮನಸ್ಸಿಗೆ ತುಂಬಾ ಕಷ್ಟವಾಯಿತು. ಎರಡನೇ ವಾರದಿಂದ ಒಂದು ನಿಯಮ ಮಾಡಿದೆ. ಫೋನ್ ಯಾರದೋ ಅವರು ಪರದೆ ಮುಟ್ಟುವಂತಿಲ್ಲ, ರೀಡಿಂಗ್ ಬರೆದುಕೊಳ್ಳಬೇಕು. ಫೋನ್ ಇಲ್ಲದವರೇ ಸಿಮ್ ನಡೆಸಬೇಕು. ಮೂರನೆಯವರು ಮುಂದೆ ಏನಾಗುತ್ತದೆಂದು ಮೊದಲೇ ಬಾಯಿಬಿಟ್ಟು ಹೇಳಬೇಕು. ಈ ಒಂದು ನಿಯಮದಿಂದ ತರಗತಿ ಬದಲಾಯಿತು. ಫೋನ್ ಕೊಟ್ಟವರು ಮೊದಲು ಗೊಣಗಿದರು, ಆಮೇಲೆ ಒಗ್ಗಿಕೊಂಡರು.

ಇನ್ನೊಂದು ಸಣ್ಣ ವಿಷಯ, ಆದರೆ ಇದು ಗೊತ್ತಿಲ್ಲದಿದ್ದರೆ ಅರ್ಧ ಪಿರಿಯಡ್ ಹೋಗುತ್ತದೆ. ಕೆಲವು ಫೋನ್‌ಗಳಲ್ಲಿ ಆ ಫೈಲನ್ನು ಒತ್ತಿದರೆ ಎಚ್‌ಟಿಎಂಎಲ್ ವ್ಯೂವರ್ ಎಂಬುದು ತೆರೆದುಕೊಂಡು ಪರದೆ ಖಾಲಿ ಕಾಣುತ್ತದೆ. ಸಿಮ್ ಕೆಟ್ಟಿದೆ ಅಂದುಕೊಳ್ಳಬೇಡಿ. ಫೈಲಿನ ಮೇಲೆ ಬೆರಳಿಟ್ಟು ಹಿಡಿದು, ಕ್ರೋಮ್ ಅಥವಾ ಬೇರೆ ಬ್ರೌಸರ್‌ನಲ್ಲಿ ತೆರೆಯುವಂತೆ ಆರಿಸಿಕೊಳ್ಳಿ. ಹಿಂದಿನ ದಿನ ಸಂಜೆಯೇ ಫೈಲ್ ಹಂಚಿ, ಎಲ್ಲ ಫೋನ್‌ಗಳಲ್ಲೂ ತೆರೆದು ನೋಡಿಸಿ.

ಈಗ ನಮ್ಮ ಹಿರಿಯ ಸರ್ ಬಗ್ಗೆ. ನಿವೃತ್ತಿಗೆ ಎರಡು ವರ್ಷ ಇರುವವರು. ಸೀಮೆಸುಣ್ಣದಲ್ಲಿ ಅವರು ಬಿಡಿಸುವ ಚಿತ್ರ ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿರುತ್ತದೆ. ಟಚ್ ಬೋರ್ಡ್ ಮುಂದೆ ಹತ್ತು ನಿಮಿಷ ಕಾದವರು ಇವರೇ. ನಾನು ಸಿಮ್ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಮೇಡಂ, ಕರೆಂಟು ಹೋದ್ರೆ?" ಎಲ್ಲರೂ ಇದನ್ನು ನೆಪ ಎನ್ನುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಮಕ್ಕಳ ಮುಂದೆ ಕೈ ಕಟ್ಟಿ ನಿಲ್ಲುವ ಸ್ಥಿತಿ ಮತ್ತೆ ಬರಬಾರದು ಎಂಬುದು ಅವರ ಮಾತಿನ ಅರ್ಥ. ಅದು ತನ್ನ ತರಗತಿಯ ಬಗ್ಗೆ ಕಾಳಜಿ ಇರುವವರು ಕೇಳುವ ಪ್ರಶ್ನೆ.

ಪ್ರಿನ್ಸಿಪಾಲರನ್ನು ಕೇಳಿ ಶನಿವಾರದ ಕೊನೆಯ ಪಿರಿಯಡ್ ಖಾಲಿ ಮಾಡಿಸಿಕೊಂಡೆವು. ವಿದ್ಯಾರ್ಥಿಗಳಿಲ್ಲ, ಬಾಗಿಲು ಹಾಕಿದೆ, ನಾವು ನಾಲ್ಕು ಜನ ಮೇಷ್ಟ್ರುಗಳು ಮಾತ್ರ. ತಪ್ಪು ಮಾಡಲು ಜಾಗ ಬೇಕಲ್ಲ, ಅದು ಇದು. ಸರ್‌ಗೆ 'ಪೆಂಡುಲಮ್ ಲ್ಯಾಬ್' ಎಂಬ ಸಿಮ್ ಇರುವ ಪೆನ್ ಡ್ರೈವ್ ಕೊಟ್ಟೆ. ಮನೆಗೆ ಒಯ್ದರು, ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ಎರಡು ವಾರ ಆಡಿದರು. ಮೂರನೇ ಶನಿವಾರ ಬಂದು ನಮಗೇ ಪಾಠ ಮಾಡಿದರು.

ಅವರು ಹಿಡಿದ ವಿಷಯ ನನಗೆ ಹೊಳೆದಿರಲಿಲ್ಲ. ಲೋಲಕದ ಒಂದು ತೂಗಾಟಕ್ಕೆ ಎಷ್ಟು ಕಾಲ ಎಂದು ಹೇಳುವ ಸೂತ್ರ ಸಣ್ಣ ಕೋನಕ್ಕೆ ಮಾತ್ರ ಸರಿ ಎಂದು ನಾವೆಲ್ಲ ಹೇಳುತ್ತೇವೆ. ಹೇಳಿ ಮುಂದೆ ಹೋಗುತ್ತೇವೆ. ಲ್ಯಾಬಿನಲ್ಲಿ ದಾರಕ್ಕೆ ಕಟ್ಟಿದ ಗುಂಡನ್ನು 90 ಡಿಗ್ರಿಗೆ ಎತ್ತಿ ಬಿಟ್ಟರೆ ದಾರ ಸಡಿಲವಾಗಿ ಅದು ಅಡ್ಡಾದಿಡ್ಡಿ ಹೋಗಬಹುದು. ಆದ್ದರಿಂದ ಯಾರೂ ತೋರಿಸುವುದಿಲ್ಲ. ಸಿಮ್‌ನಲ್ಲಿ ತೋರಿಸಬಹುದು. ಸಣ್ಣ ಕೋನದಲ್ಲಿ ಬಿಟ್ಟು ಒಂದು ತೂಗಾಟದ ಕಾಲ ಅಳೆಯಿರಿ, ಆಮೇಲೆ 90 ಡಿಗ್ರಿಯಲ್ಲಿ ಬಿಟ್ಟು ಅಳೆಯಿರಿ. ಕಾಲ ಸುಮಾರು 18 ಶೇಕಡಾ ಜಾಸ್ತಿ ಆಗುತ್ತದೆ. ಸೂತ್ರ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಕೈ ಕೊಡುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ. ಅದೇ ಸಿಮ್‌ನಲ್ಲಿ 'ಪ್ಲಾನೆಟ್ ಎಕ್ಸ್' ಎಂಬ ಗ್ರಹವೊಂದಿದೆ. ಅದರ ಗುರುತ್ವ ಎಷ್ಟೆಂದು ಸಿಮ್ ಹೇಳುವುದಿಲ್ಲ. ಲೋಲಕ ತೂಗಿಸಿ, ಸಮಯ ಅಳೆದು, ಸೂತ್ರ ಹಿಂದುಮುಂದು ಮಾಡಿ ತಾವೇ ಕಂಡುಹಿಡಿಯಬೇಕು. ಸರ್ ಅದನ್ನು ಗುಂಪುಗಳ ನಡುವೆ ಸ್ಪರ್ಧೆ ಮಾಡಿದರು.

ಆ ಸ್ಪರ್ಧೆಯ ದಿನವೇ ಕರೆಂಟು ಹೋಯಿತು. ಪ್ರೊಜೆಕ್ಟರ್ ಆರಿತು. ನಾನು ಪಕ್ಕದ ಕೋಣೆಯಲ್ಲಿದ್ದೆ, ಎದೆ ಧಸಕ್ಕೆಂದಿತು. ಓಡಿ ಬಂದು ಬಾಗಿಲಲ್ಲಿ ನಿಂತರೆ ಸರ್ ಶಾಂತವಾಗಿ ಹೇಳುತ್ತಿದ್ದಾರೆ: "ಫೋನ್ ತೆಗೀರಿ. ಎಲ್ಲಿಗೆ ನಿಲ್ಲಿಸಿದ್ವೋ ಅಲ್ಲಿಂದ ಮುಂದುವರಿಸಿ." ತಾವು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಗುಂಪುಗಳ ಉತ್ತರಕ್ಕೆ ಅಂಕಣ ಎಳೆಯತೊಡಗಿದರು. ಪಾಠ ಒಂದು ನಿಮಿಷವೂ ನಿಲ್ಲಲಿಲ್ಲ.

ಫೆಟ್‌ನ ಮಿತಿಗಳನ್ನೂ ಹೇಳಬೇಕು. ಕೆಲವು ಹಳೆಯ ಸಿಮ್‌ಗಳು ಇನ್ನೂ ಜಾವಾ ಎಂಬ ಹಳೆಯ ತಂತ್ರಾಂಶದಲ್ಲಿವೆ, ಅವು ಫೋನಿಗೆ ಹೇಳಿ ಮಾಡಿಸಿದ್ದಲ್ಲ. ಮೊದಲು ಫ್ಲಾಶ್ ಎಂಬ ಇನ್ನೊಂದು ತಂತ್ರಾಂಶದಲ್ಲಿದ್ದವೂ ಇದ್ದವು. 2020ರ ಕೊನೆಗೆ ಫ್ಲಾಶ್ ನಿಂತ ಮೇಲೆ ಎಚ್‌ಟಿಎಂಎಲ್5ಗೆ ಬಾರದೆ ಉಳಿದವುಗಳನ್ನು ಮರೆಯುವುದೇ ಒಳ್ಳೆಯದು. ಆದ್ದರಿಂದ ಇಳಿಸಿಕೊಳ್ಳುವಾಗ ಎಚ್‌ಟಿಎಂಎಲ್5 ಎಂದಿರುವುದನ್ನೇ ನೋಡಿಕೊಳ್ಳಿ. ಪದವಿ ಕೊನೆಯ ವರ್ಷದ ಪಠ್ಯಕ್ಕೆ ಸಿಗುವ ಸಿಮ್‌ಗಳು ಕಡಿಮೆ. ಮೊದಲ ಎರಡು ವರ್ಷಕ್ಕೆ, ಪಿಯು ಮಟ್ಟಕ್ಕೆ ತುಂಬಾ ಚೆನ್ನಾಗಿದೆ. ಶಿಕ್ಷಕರಿಗಾಗಿ ಇರುವ ಸೂಚನೆಗಳನ್ನು ನೋಡಲು ಉಚಿತ ಖಾತೆ ಮಾಡಿಕೊಳ್ಳಬೇಕು, ಅದಕ್ಕೆ ಮಾತ್ರ ನೆಟ್ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಿಮ್ ತಾನಾಗಿ ಏನನ್ನೂ ಕಲಿಸುವುದಿಲ್ಲ. ಪ್ರಶ್ನೆ ಕೊಡದೆ ಸುಮ್ನೆ ಫೋನಿಗೆ ಹಾಕಿಕೊಟ್ಟರೆ ಮಕ್ಕಳು ಬ್ಯಾಟರಿಗೆ ನೇರ ವೈರು ಹಾಕಿ ಬೆಂಕಿ ಹತ್ತಿಸಿ ನೋಡಿ ನಗುತ್ತಾರೆ. ಹೌದು, ಶಾರ್ಟ್ ಆದರೆ ಸಿಮ್‌ನಲ್ಲಿ ಬೆಂಕಿ ಬರುತ್ತದೆ. ನಾನು ಐದು ನಿಮಿಷ ಅದಕ್ಕೆಂದೇ ಬಿಡುತ್ತೇನೆ. ಆಮೇಲೆ ಪ್ರಶ್ನೆ ಕೊಡುತ್ತೇನೆ, ಒಂದೇ ಪ್ರಶ್ನೆ.

ಪ್ರಶ್ನೆ ತಯಾರಿಸಲು ನನಗೆ ಒಂದು ಪಾಠಕ್ಕೆ ಎರಡು ಗಂಟೆ ಹಿಡಿಯುತ್ತದೆ. ಈ ಎರಡು ಗಂಟೆ ಯಾವ ಟೈಮ್‌ಟೇಬಲ್‌ನಲ್ಲೂ ಇಲ್ಲ. ಕಾಲೇಜು ಹೊಸ ತಂತ್ರಜ್ಞಾನಕ್ಕೆ ತಯಾರಿದೆಯಾ ಎಂದು ನೋಡಲು ಬರುವವರು ಕಂಪ್ಯೂಟರ್ ಎಷ್ಟು, ಪ್ರೊಜೆಕ್ಟರ್ ಎಷ್ಟು ಎಂದು ಎಣಿಸಿ ಬರೆದುಕೊಂಡು ಹೋಗುತ್ತಾರೆ. ಮೇಷ್ಟ್ರಿಗೆ ಕೈ ಪಳಗಿಸಿಕೊಳ್ಳಲು ವಾರಕ್ಕೆ ಎಷ್ಟು ಗಂಟೆ ಎಂಬ ಕಾಲಮ್ಮೂ ಆ ಪಟ್ಟಿಯಲ್ಲಿ ಇರಬೇಕು. ಕರೆಂಟಿಲ್ಲದ ದಿನ ಇದು ನಡೆಯುತ್ತದಾ ಎಂಬುದೂ ಇರಬೇಕು. ಇದನ್ನು ನಾನು ಪ್ರಿನ್ಸಿಪಾಲರಿಗೆ ಬರೆದು ಕೊಟ್ಟಿದ್ದೇನೆ. ಸದ್ಯಕ್ಕೆ ಶನಿವಾರದ ಪಿರಿಯಡ್ ಮುಂದಿನ ವರ್ಷಕ್ಕೂ ಉಳಿದಿದೆ.

ಶುರು ಮಾಡುವವರು ಒಂದೇ ಸಿಮ್‌ನಿಂದ ಶುರು ಮಾಡಿ. ನನ್ನ ಹಾಗೆ 22 ಇಳಿಸಿಕೊಳ್ಳಬೇಡಿ. ಅದರಲ್ಲಿ ನಾನು ಚೆನ್ನಾಗಿ ಬಳಸಿದ್ದು ಆರೇ ಆರು. ಭೌತಶಾಸ್ತ್ರದವರಿಗೆ ಸರ್ಕ್ಯೂಟ್ ಅಥವಾ ಲೋಲಕ. ರಸಾಯನಶಾಸ್ತ್ರದ ಮೇಡಂ ಈಗ ಆಮ್ಲ, ಕ್ಷಾರದ 'ಪಿಎಚ್ ಸ್ಕೇಲ್' ಸಿಮ್ ಹಿಡಿದಿದ್ದಾರೆ. ಗೋಡೆಯ ಮೇಲಿನ ಆ ಟಚ್ ಬೋರ್ಡಿನ ಬಟ್ಟೆ ತೆಗೆದು, ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ, ಅದನ್ನು ದೊಡ್ಡ ಪರದೆಯಾಗಿ ಬಳಸುತ್ತಿದ್ದೇವೆ. ಕರೆಂಟಿದ್ದ ದಿನ ಅದೂ ಕೆಲಸಕ್ಕೆ ಬರುತ್ತದೆ.

ಒಂದು ಸಮಸ್ಯೆ ಉಳಿದಿತ್ತು. ಮನೆಯಲ್ಲಿ ಫೋನ್ ಇಲ್ಲದ ಮಕ್ಕಳು ತರಗತಿ ಮುಗಿದ ಮೇಲೆ ಇನ್ನೊಮ್ಮೆ ಸಿಮ್ ನೋಡಬೇಕೆಂದರೆ ಲ್ಯಾಬಿನ ಹಳೆಯ ಲ್ಯಾಪ್‌ಟಾಪೇ ಗತಿ. ಆದರೆ ಕೊನೆಯ ಪಿರಿಯಡ್ ಮುಗಿಯುವ ಹೊತ್ತಿಗೇ ಬಸ್ಸು. ಅದು ತಪ್ಪಿದರೆ ಇನ್ನೊಂದಿಲ್ಲ. ಕಳೆದ ತಿಂಗಳು ನಮ್ಮ ಲ್ಯಾಬ್ ಅಟೆಂಡರ್ ತಾವಾಗಿಯೇ ಬಂದು, "ಮೇಡಂ, ಮಧ್ಯಾಹ್ನ ಊಟದ ಬಿಡುವಲ್ಲಿ ನಾನೇ ಬಾಗಿಲು ತೆಗೆದಿರ್ತೀನಿ, ಮಕ್ಕಳನ್ನ ಕಳಿಸಿ" ಎಂದರು. ಖರ್ಚಾಗೋದು ಏನು ಎಂದು ಕೇಳಿದ್ದ ಆ ಹುಡುಗಿ ಈಗ ದಿನಾ ಅಲ್ಲಿರುತ್ತಾಳೆ. ಜೊತೆಗೆ ಇನ್ನೂ ನಾಲ್ಕು ಜನ.